ಗಜ್ಜಲಹಟ್ಟಿ ಘಾಟಿಯ ನೆತ್ತಿಯಲ್ಲಿದ್ದ ಲೆಕ್ಕಿಗ: ದಿವಾನ್ ಪೂರ್ಣಯ್ಯ

ಚಾಮರಾಜನಗರ: ಚಾಮರಾಜನಗರದ ದಕ್ಷಿಣಕ್ಕೆ, ಮೈಸೂರು ಪ್ರಸ್ಥಭೂಮಿ ಮುಗಿದು ಕೊಂಗುನಾಡಿನ ಬಯಲು ಆರಂಭವಾಗುವ ಅಂಚಿನಲ್ಲಿ ಗಜ್ಜಲಹಟ್ಟಿ ಎಂಬ ಹಳೆಯ ಕಣಿವೆ ಮಾರ್ಗವಿದೆ. ಬಂಡೀಪುರ ಮತ್ತು ಮುದುಮಲೆ ಕಾಡುಗಳ ನಡುವೆ ಗಡಿಯಾಗಿ ಹರಿಯುವ ಮೋಯಾರ್ ನದಿ ಆಳವಾದ ಕಮರಿಯಲ್ಲಿ ಪೂರ್ವಕ್ಕೆ ಸಾಗಿ, ಇದೇ ಬೆಟ್ಟಸಾಲಿನ ಬುಡವನ್ನು ಹಾದು ಭವಾನಿಯನ್ನು ಸೇರುತ್ತದೆ. 1790ರ ಸೆಪ್ಟೆಂಬರ್ ತಿಂಗಳಲ್ಲಿ ಟಿಪ್ಪು ಸುಲ್ತಾನ್ ತನ್ನ ರಾವುತರು ಮತ್ತು ಫಿರಂಗಿಗಳೊಡನೆ ಈ ಘಾಟಿಯನ್ನು ಇಳಿದು, ಸತ್ಯಮಂಗಲದ ಬಳಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಅಶ್ವದಳದ ಮೇಲೆ ಬಿದ್ದ. ಮೂರನೆಯ ಮೈಸೂರು ಯುದ್ಧದಲ್ಲಿ ಸುಲ್ತಾನನೇ ಖುದ್ದಾಗಿ ನಡೆಸಿದ ಮೊದಲ ಪ್ರತಿದಾಳಿ ಅದು.

ಆ ದಿನಗಳಲ್ಲಿ ಸೈನ್ಯದ ಭಾರಿ ಸಾಮಾನು ಸರಂಜಾಮು ಮತ್ತು ದಾಸ್ತಾನಿನ ಹೊಣೆ ಹೊತ್ತು ಘಾಟಿಯ ಮೇಲೆಯೇ ಉಳಿದವರು ಪೂರ್ಣಯ್ಯ. ಕೆಳಗೆ ಕತ್ತಿ ಹಿಡಿದು ಕಾದಾಡಿದವರ ಹೆಸರುಗಳು ಯುದ್ಧಚರಿತ್ರೆಯ ಪುಟ ಸೇರಿದವು. ಮೇಲೆ ಕಾಳು, ಮೇವು, ಮದ್ದುಗುಂಡುಗಳ ಲೆಕ್ಕ ಕಾಯ್ದವರು ಮುಂದೆ ಹನ್ನೆರಡು ವರ್ಷ ಮೈಸೂರು ರಾಜ್ಯವನ್ನೇ ನಡೆಸಿದರು. ಹೈದರ್ ಅಲಿ, ಟಿಪ್ಪು ಸುಲ್ತಾನ್ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರು, ಹೀಗೆ ಮೂವರು ಅರಸರ ಬಳಿ ಅಧಿಕಾರ ನಡೆಸಿದ ಈ ವ್ಯಕ್ತಿಯ ಬದುಕಿನ ಗುಟ್ಟು ಆ ಘಾಟಿಯ ನೆತ್ತಿಯಲ್ಲೇ ಕಾಣಸಿಗುತ್ತದೆ.

ಅಂಗಡಿಯ ಲೆಕ್ಕದಿಂದ ಅರಮನೆಗೆ

ಪೂರ್ಣಯ್ಯನವರು ಹುಟ್ಟಿದ್ದು 1746ರಲ್ಲಿ, ಈಗಿನ ತಮಿಳುನಾಡಿನ ತಿರುಕಂಬೂರಿನ ಮಾಧ್ವ ಬ್ರಾಹ್ಮಣ ಕುಟುಂಬವೊಂದರಲ್ಲಿ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡದ್ದರಿಂದ ಹೊಟ್ಟೆಪಾಡಿಗೆ ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಬೇಕಾಯಿತು. ಹೈದರ್ ಅಲಿಯ ಅರಮನೆಗೂ ಸೈನ್ಯಕ್ಕೂ ಸಾಮಗ್ರಿ ಒದಗಿಸುತ್ತಿದ್ದ ಶ್ರೀಮಂತ ವರ್ತಕರ ಮೂಲಕ ಶ್ರೀರಂಗಪಟ್ಟಣದ ಸಂಪರ್ಕ ದೊರೆಯಿತು. ಬರವಣಿಗೆಯ ಚುರುಕು, ತಪ್ಪಿಲ್ಲದ ಲೆಕ್ಕ ಮತ್ತು ಹಲವು ಭಾಷೆಗಳ ತಿಳಿವಳಿಕೆ ಅವರನ್ನು ಹೈದರನ ಕಣ್ಣಿಗೆ ಬೀಳುವಂತೆ ಮಾಡಿದವು.

ಹೈದರನ ರಾಜ್ಯದಲ್ಲಿ ಲೆಕ್ಕಪತ್ರದ ಕೆಲಸವೆಂದರೆ ಕಡತ ತಿದ್ದುವ ಕೆಲಸವಷ್ಟೇ ಆಗಿರಲಿಲ್ಲ. ರಾಜ್ಯದ ಹುಟ್ಟುವಳಿಯ ದೊಡ್ಡ ಭಾಗ ಸೈನ್ಯಕ್ಕೇ ಸಲ್ಲುತ್ತಿದ್ದ ಕಾಲವದು. ಯಾವ ಸೀಮೆಯಿಂದ ಎಷ್ಟು ಕಂದಾಯ ಬರಬೇಕು, ಯಾವ ದಂಡಿಗೆ ಎಷ್ಟು ಸಂಬಳ ಸಲ್ಲಬೇಕು, ಯಾವ ಕೋಟೆಯಲ್ಲಿ ಎಷ್ಟು ಧಾನ್ಯವಿದೆ ಎಂಬುದನ್ನು ಬಲ್ಲವನಿಗೆ ಯುದ್ಧದ ಒಳಗುಟ್ಟುಗಳೆಲ್ಲವೂ ತಿಳಿದಂತೆಯೇ. ಸೈನ್ಯದೊಡನೆ ಊರೂರು ಅಲೆಯುತ್ತ ಪೂರ್ಣಯ್ಯನವರು ಕಲಿತದ್ದು ಈ ವಿದ್ಯೆಯನ್ನು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ದಂಡಿನ ಬೀಡಿನಲ್ಲಿ ಹೈದರ್ ತೀರಿಕೊಂಡಾಗ ಅವರ ಎದೆಗಾರಿಕೆ ಪರೀಕ್ಷೆಗೊಳಗಾಯಿತು. ಎರಡನೆಯ ಮೈಸೂರು ಯುದ್ಧ ನಡೆಯುತ್ತಿತ್ತು. ಯುವರಾಜ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಒಡೆಯನಿಲ್ಲವೆಂಬ ಸುದ್ದಿ ಹರಡಿದರೆ ಸೈನ್ಯ ಚದುರುವ, ಒಳಜಗಳ ಹೊತ್ತಿಕೊಳ್ಳುವ ಭಯವಿತ್ತು. ಪೂರ್ಣಯ್ಯ, ಕೃಷ್ಣರಾವ್ ಮೊದಲಾದ ಅಧಿಕಾರಿಗಳು ಸಾವಿನ ಸುದ್ದಿಯನ್ನು ಮುಚ್ಚಿಟ್ಟರು. ಶವವನ್ನು ಪೆಟ್ಟಿಗೆಯಲ್ಲಿರಿಸಿ, ಖಜಾನೆಯ ಹಣ ಸಾಗಿಸುವಂತೆ ತೋರಿಸಿ ಕೋಲಾರಕ್ಕೆ ಕಳುಹಿಸಲಾಯಿತು. ಟಿಪ್ಪು ಬಂದು ಸೇರುವವರೆಗೂ ಸೈನ್ಯ ಒಗ್ಗಟ್ಟಾಗಿ ಉಳಿಯಿತು. ಆಗ ಪೂರ್ಣಯ್ಯನವರಿಗೆ ಮೂವತ್ತಾರು ವರ್ಷ. ಹೊಸ ಸುಲ್ತಾನನ ಆಡಳಿತದಲ್ಲಿ ಹಣಕಾಸಿನ ಹೊಣೆ ಅವರ ಹೆಗಲೇರಿತು.

ಯುದ್ಧದ ಹೊಸ್ತಿಲಲ್ಲಿ ಗಡಿನಾಡು

1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ ದಾಳಿ ಮಾಡಿದ. ತಿರುವಾಂಕೂರು ಕಂಪನಿಯ ಮಿತ್ರರಾಜ್ಯವಾಗಿತ್ತು. ಅದನ್ನೇ ಕಾರಣವಾಗಿಟ್ಟುಕೊಂಡು ಕಂಪನಿಯು ಮರಾಠರು ಹಾಗೂ ಹೈದರಾಬಾದಿನ ನಿಜಾಮನನ್ನು ಕೂಡಿಕೊಂಡು ಯುದ್ಧ ಹೂಡಿತು. ಮದ್ರಾಸಿನ ಗವರ್ನರ್ ಜನರಲ್ ವಿಲಿಯಂ ಮೆಡೋಸ್ 1790ರ ಮೇ ತಿಂಗಳ ಕೊನೆಯಲ್ಲಿ ತಿರುಚಿನಾಪಳ್ಳಿಯಿಂದ ಹೊರಟು, ಜುಲೈ ಮೂರನೆಯ ವಾರದ ಹೊತ್ತಿಗೆ ಕೊಯಮತ್ತೂರನ್ನು ಹಿಡಿದ. ಅಲ್ಲಿಂದ ಉತ್ತರಕ್ಕೆ ತಿರುಗಿ ಗಜ್ಜಲಹಟ್ಟಿ ಘಾಟಿಯನ್ನು ಹತ್ತಿ ಮೈಸೂರನ್ನು ಪ್ರವೇಶಿಸುವುದು ಆತನ ಯೋಜನೆಯಾಗಿತ್ತು.

ಹೀಗಾಗಿ ಇಂದಿನ ಚಾಮರಾಜನಗರ ಜಿಲ್ಲೆಯ ಗಡಿಭಾಗ ಇಡೀ ಯುದ್ಧದ ಹೆಬ್ಬಾಗಿಲಾಯಿತು. ಆಗ ಚಾಮರಾಜನಗರಕ್ಕೆ ಆ ಹೆಸರು ಇರಲಿಲ್ಲ. ಅದು ಅರಿಕುಠಾರವೆಂಬ ಊರು. ಮೈಸೂರಿನ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಅಲ್ಲಿಯೇ. ಅವರ ನೆನಪಿಗಾಗಿ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಇಂದಿನ ಹೆಸರಿಟ್ಟರು. 1790ರಲ್ಲಿ ಖಾಸಾ ಚಾಮರಾಜರು ಶ್ರೀರಂಗಪಟ್ಟಣದಲ್ಲಿ ಹೆಸರಿಗಷ್ಟೇ ಅರಸರಾಗಿದ್ದರು. ಅಧಿಕಾರವೆಲ್ಲ ಸುಲ್ತಾನನ ಕೈಯಲ್ಲಿತ್ತು.

ಮೆಡೋಸ್ ತನ್ನ ಸೈನ್ಯವನ್ನು ಮೂರಾಗಿ ಹಂಚಿದ್ದ. ಒಂದು ಭಾಗ ಕೊಯಮತ್ತೂರಿನಲ್ಲಿತ್ತು. ಮತ್ತೊಂದು ಕರ್ನಲ್ ಸ್ಟುವರ್ಟ್‌ನ ಕೈಕೆಳಗೆ ಪಾಲ್ಘಾಟಿನ ಕಡೆಗೆ ಹೋಗಿತ್ತು. ಮೂರನೆಯದು ಕರ್ನಲ್ ಜಾನ್ ಫ್ಲಾಯ್ಡ್‌ನ ಅಶ್ವದಳ ಮತ್ತು ಅದರೊಡನಿದ್ದ ಕಾಲಾಳುಗಳು. ಬಯಲಿನಲ್ಲಿ ಕಂಪನಿಯ ಸೈನ್ಯವನ್ನು ಕಾಡಲೆಂದು ಟಿಪ್ಪು ಬಿಟ್ಟಿದ್ದ ಸಯ್ಯದ್ ಸಾಹೇಬನ ಕುದುರೆ ಪಡೆಯನ್ನು ಫ್ಲಾಯ್ಡ್ ಭವಾನಿಯ ಆಚೆಗೆ ಅಟ್ಟಿದ. ಆ ಪಡೆ ಘಾಟಿ ಹತ್ತಿ ಹಿಂದಿರುಗಿತು. ಆಗಸ್ಟ್ ಕೊನೆಯ ಹೊತ್ತಿಗೆ ಸತ್ಯಮಂಗಲದ ಕೋಟೆ ಫ್ಲಾಯ್ಡ್‌ನ ವಶವಾಯಿತು. ಘಾಟಿಯ ಬುಡದಲ್ಲಿ ಕಾವಲಿಗೆ ನಿಂತದ್ದು ಕಂಪನಿಯ ಸೈನ್ಯದ ಈ ಮೂರನೆಯ ಒಂದು ಭಾಗ ಮಾತ್ರ ಎಂಬುದು ಟಿಪ್ಪುವಿಗೆ ತಿಳಿಯಲು ತಡವಾಗಲಿಲ್ಲ.

ಸೆಪ್ಟೆಂಬರ್ ಆರಂಭದಲ್ಲಿ ಶ್ರೀರಂಗಪಟ್ಟಣದಿಂದ ಹೊರಟ ಸುಲ್ತಾನನ ಸೈನ್ಯ ಸುಮಾರು 40,000ದಷ್ಟಿತ್ತೆಂಬುದು ಆಂಗ್ಲರ ಅಂದಾಜು. ಘಾಟಿಯ ಇಳಿಜಾರು ಕಡಿದಾಗಿತ್ತು, ದಾರಿ ಕಿರಿದಾಗಿತ್ತು. ವೇಗವೇ ಆಯುಧವಾಗಬೇಕಿದ್ದ ಕಾರ್ಯಾಚರಣೆಯಲ್ಲಿ ಭಾರದ ಸಾಮಾನು ಹೊತ್ತು ಇಳಿಯುವುದು ಸಾಧ್ಯವಿರಲಿಲ್ಲ. ಆದ್ದರಿಂದ ಅದನ್ನೆಲ್ಲ ಮೇಲೆಯೇ ಬಿಟ್ಟು, ಪೂರ್ಣಯ್ಯನವರ ವಶಕ್ಕೆ ಒಪ್ಪಿಸಿ, ಸುಲ್ತಾನ್ ಹಗುರವಾಗಿ ಇಳಿದ.

ಕೆಳಗೆ ಇಳಿದ ಪಡೆಯ ಬೆನ್ನಹಿಂದೆ ಇದ್ದದ್ದು ಈ ಒಂದು ದಾಸ್ತಾನು, ಹಿಂದಿರುಗಲು ಇದ್ದದ್ದು ಈ ಒಂದು ಬಾಗಿಲು. ಅದನ್ನು ಶತ್ರು ಹಿಡಿದಿದ್ದರೆ, ಇಲ್ಲವೇ ಕಾವಲಿಗಿದ್ದವನು ಕೈಕೊಟ್ಟಿದ್ದರೆ, ಇಡೀ ಸೈನ್ಯ ಬೆಟ್ಟ ಮತ್ತು ಭವಾನಿ ನದಿಯ ನಡುವೆ ಸಿಕ್ಕಿಬೀಳುತ್ತಿತ್ತು. ಅಂತಹ ಹೊಣೆಯನ್ನು ಸುಲ್ತಾನ್ ಒಪ್ಪಿಸಿದ್ದು ತನ್ನ ಹಣಕಾಸಿನ ಅಧಿಕಾರಿಗೆ.

ಭವಾನಿ ದಂಡೆಯಲ್ಲಿ ಎರಡು ದಿನ

ಮೈಸೂರಿನ ಸೈನ್ಯ ಇಳಿಯುತ್ತಿರುವ ಸುದ್ದಿಯನ್ನು ಫ್ಲಾಯ್ಡ್ ಮುಂಚಿತವಾಗಿಯೇ ಮೆಡೋಸ್‌ಗೆ ಮುಟ್ಟಿಸಿದ್ದ. ಆದರೆ ಸ್ಥಳ ಬಿಡದಂತೆ ಅಪ್ಪಣೆಯಾಗಿತ್ತು. ಟಿಪ್ಪುವಿನ ರಾವುತರು ಸತ್ಯಮಂಗಲಕ್ಕೆ ಪಶ್ಚಿಮದಲ್ಲಿ, ಪುಂಗಾರಿನ ಕಡವಿನಲ್ಲಿ ಭವಾನಿಯನ್ನು ಹಾಯ್ದು ದಕ್ಷಿಣದ ದಂಡೆ ಸೇರಿದರು. ಫ್ಲಾಯ್ಡ್‌ನ ಬೀಡು ಇದ್ದದ್ದೂ ಅದೇ ದಂಡೆಯಲ್ಲಿ.

ಸೆಪ್ಟೆಂಬರ್ 13ರ ಮುಂಜಾನೆ ಕಡವಿನ ಕಡೆಯ ಸ್ಥಿತಿ ನೋಡಿಬರಲು ಹೊರಟ ಕಂಪನಿಯ ಸಣ್ಣ ಅಶ್ವತುಕಡಿಯೊಂದನ್ನು ಮೈಸೂರಿನ ಕುದುರೆ ಪಡೆ ಸುತ್ತುವರಿಯಿತು. ಅದನ್ನು ಬಿಡಿಸಲು ಫ್ಲಾಯ್ಡ್ ಉಳಿದ ಅಶ್ವದಳದೊಡನೆ ಧಾವಿಸಿದ. ಆತನದೇ ದಳವಾದ 19ನೇ ಲೈಟ್ ಡ್ರಾಗೂನ್ಸ್ ಭಾರತಕ್ಕೆ ಬಂದ ಮೊದಲ ಬ್ರಿಟಿಷ್ ಅಶ್ವದಳ. ಕೊಂಗುನಾಡಿನ ಹೊಲಗಳ ಸುತ್ತ ದಟ್ಟವಾದ ಎತ್ತರದ ಮುಳ್ಳುಬೇಲಿಗಳಿದ್ದವು. ಸಾವಿರಾರು ಸವಾರರು ಒಂದೇ ಸಮನೆ ಹರಡಿ ಸುತ್ತುವರಿಯುವ ಮೈಸೂರಿನ ಪದ್ಧತಿಗೆ ಈ ಬೇಲಿಗಳು ಅಡ್ಡಿಯಾದವು. ಬೇಲಿಗಳ ನಡುವಿನ ಇಕ್ಕಟ್ಟಿನಲ್ಲಿ ಸಾಲುಗಟ್ಟಿ ಏರಿಬಂದ ಕಂಪನಿಯ ಅಶ್ವದಳ ಬೆಳಗಿನ ಕಾಳಗದಲ್ಲಿ ಮೇಲುಗೈ ಸಾಧಿಸಿತು. ಮೈಸೂರಿನ ಅನೇಕ ರಾವುತರು ಅಲ್ಲಿ ಮಡಿದರು.

ಆದರೆ ಹಗಲು ಏರಿದಂತೆ ಟಿಪ್ಪುವಿನ ಫಿರಂಗಿಗಳು ಬಂದು ಸೇರಿದವು. ಕತ್ತಲಾಗುವವರೆಗೂ ನಡೆದ ಗುಂಡಿನ ಸುರಿಮಳೆಗೆ ಕಂಪನಿಯ ಸೈನಿಕರು ನಿಂತಲ್ಲೇ ಉರುಳಿದರು. ತೋಪಿನ ಬಂಡಿಗಳನ್ನು ಎಳೆಯುವ ಎತ್ತುಗಳೂ ಸತ್ತವು. ಬೆಳಿಗ್ಗೆ ಕುದುರೆಗಳಿಂದ ಗೆದ್ದ ಪಡೆ ಸಂಜೆಯ ಹೊತ್ತಿಗೆ ಎತ್ತುಗಳಿಲ್ಲದೆ ಕಂಗೆಟ್ಟಿತು. ಅಂದು ರಾತ್ರಿ ಹಿಂದೆ ಸರಿಯಲು ನಿರ್ಧರಿಸಿದ ಫ್ಲಾಯ್ಡ್, ಸಾಗಿಸಲಾಗದ ಫಿರಂಗಿಗಳನ್ನು ಬಿಟ್ಟು ಬೆಳಗಿನ ಜಾವ ದಕ್ಷಿಣಕ್ಕೆ ಹೊರಟ.

14ರಂದು ಟಿಪ್ಪು ಬೆನ್ನಟ್ಟಿದ. ಚೇಯೂರಿನ ಬಳಿ ಸಂಜೆ ಮತ್ತೆ ಘೋರ ಕಾಳಗ ನಡೆಯಿತು. ಕಾಲಾಳುಗಳನ್ನು ಮುನ್ನಡೆಸುತ್ತಿದ್ದ ಸುಲ್ತಾನನ ಭಾವಮೈದುನ ಬುರ್ಹಾನುದ್ದೀನ್ ಗುಂಡೇಟಿಗೆ ಬಲಿಯಾದ. ಮೆಡೋಸ್ ಸಹಾಯಕ್ಕೆ ಬಂದನೆಂಬ ಸುದ್ದಿ ಕಂಪನಿಯ ಪಡೆಯಲ್ಲಿ ಹರಡಿ ಹರ್ಷೋದ್ಗಾರ ಎದ್ದಿತು. ಕತ್ತಲು ಕವಿಯುವಷ್ಟರಲ್ಲಿ ಮೈಸೂರಿನ ಸೈನ್ಯ ಹಿಂದೆ ಸರಿಯಿತು. ಒಂದೆರಡು ದಿನಗಳಲ್ಲಿ ಫ್ಲಾಯ್ಡ್ ಮೆಡೋಸ್‌ನನ್ನು ಕೂಡಿಕೊಂಡ.

ಈ ಎರಡು ದಿನಗಳ ಫಲವನ್ನು ಒಂದು ಮಾತಿನಲ್ಲಿ ಹೇಳುವುದು ಕಷ್ಟ. ಫ್ಲಾಯ್ಡ್ ಉಳಿದುಕೊಂಡ, ಆದರೆ ನೆಲ ಮತ್ತು ಫಿರಂಗಿ ಕಳೆದುಕೊಂಡ. ಟಿಪ್ಪು ಗೆದ್ದ, ಆದರೆ ಶತ್ರುವಿನ ಅಶ್ವದಳವನ್ನು ಮುಗಿಸುವ ಅವಕಾಶ ಕೈತಪ್ಪಿತು. ಘಾಟಿ ಹತ್ತಿ ಮೈಸೂರಿಗೆ ನುಗ್ಗುವ ಮೆಡೋಸ್‌ನ ಯೋಜನೆ ಮಾತ್ರ ಅಲ್ಲಿಗೆ ಮುರಿದುಬಿತ್ತು. ಈರೋಡ್, ಧಾರಾಪುರಗಳು ಮರಳಿ ಸುಲ್ತಾನನ ವಶವಾದವು. ಯುದ್ಧದ ಮೊದಲ ವರ್ಷ ಕಂಪನಿಗೆ ವ್ಯರ್ಥವಾಯಿತು.

ಎತ್ತು, ಕಾಳು, ಹಣ

ಮುಂದಿನ ವರ್ಷ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಖುದ್ದಾಗಿ ನಾಯಕತ್ವ ವಹಿಸಿಕೊಂಡ. 1791ರ ಮಾರ್ಚ್ 6ರಂದು ಬೆಂಗಳೂರಿನ ಹೊರವಲಯದಲ್ಲಿ ಟಿಪ್ಪುವಿನ ಸೈನ್ಯದ ಹಿಂಬದಿಯ ಮೇಲೆ ಆತುರದಿಂದ ಏರಿಹೋದ ಫ್ಲಾಯ್ಡ್‌ನ ಮುಖಕ್ಕೆ ಗುಂಡು ತಗುಲಿತು. ಆತನ ಅಶ್ವದಳ ದೊಡ್ಡ ನಷ್ಟ ಅನುಭವಿಸಿತು. ಆದರೂ ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿದ್ದಿತು. ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಸಮೀಪದ ಅರಕೆರೆಯಲ್ಲಿ ಗೆದ್ದರೂ ಮುಂದುವರಿಯಲಾಗಲಿಲ್ಲ. ಆತನ ಬೀಡಿನಲ್ಲಿ ಎತ್ತುಗಳು ರೋಗ ಮತ್ತು ಹಸಿವಿನಿಂದ ಸತ್ತಿದ್ದವು, ಧಾನ್ಯ ಮುಗಿದಿತ್ತು. ಕೋಟೆ ಒಡೆಯಲು ತಂದ ಭಾರಿ ತೋಪುಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು.

ಸತ್ಯಮಂಗಲದಲ್ಲಿ ಸಣ್ಣದಾಗಿ ಕಂಡ ಪಾಠವೇ ಇಲ್ಲಿ ದೊಡ್ಡದಾಗಿ ಮರುಕಳಿಸಿತ್ತು. ಕಂಪನಿ ಈ ಪಾಠವನ್ನು ಬೇಗ ಕಲಿಯಿತು. ಮರಾಠರ ನೆರವು, ಲಂಬಾಣಿಗಳ ಹೇರೆತ್ತುಗಳ ಮೇಲೆ ಬಂದ ಧಾನ್ಯ ಮತ್ತು ಕಂಪನಿಯ ಹಣ ಕಾರ್ನ್‌ವಾಲಿಸ್‌ನ ಸೈನ್ಯವನ್ನು ಮತ್ತೆ ಕಟ್ಟಿ ನಿಲ್ಲಿಸಿದವು. 1792ರ ಫೆಬ್ರವರಿಯಲ್ಲಿ ಅದು ಶ್ರೀರಂಗಪಟ್ಟಣವನ್ನು ಮುತ್ತಿತು. ಮಾರ್ಚ್ ತಿಂಗಳ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಇಬ್ಬರು ಎಳೆಯ ರಾಜಕುಮಾರರು ಒತ್ತೆಯಾಗಿ ಮದ್ರಾಸಿಗೆ ಹೋದರು. ಅರ್ಧಕ್ಕಿಳಿದ ರಾಜ್ಯದಿಂದ ಇಷ್ಟು ದೊಡ್ಡ ಮೊತ್ತವನ್ನು ಹೊಂದಿಸುವ ಭಾರ ಪೂರ್ಣಯ್ಯನವರಂತಹ ಹಣಕಾಸಿನ ಅಧಿಕಾರಿಗಳ ಮೇಲೆಯೂ, ಕಡೆಗೆ ರೈತರ ಮೇಲೆಯೂ ಬಿತ್ತು. 1794ರಲ್ಲಿ ರಾಜಕುಮಾರರು ಹಿಂದಿರುಗಿದರು.

1799ರ ತಿರುವು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು; ಟಿಪ್ಪು ಹೋರಾಡುತ್ತಲೇ ಮಡಿದ. ಪೂರ್ಣಯ್ಯನವರ ಬದುಕಿನಲ್ಲಿ ಇಂದಿಗೂ ಚರ್ಚೆಗೊಳಗಾಗುವ ಭಾಗ ಇಲ್ಲಿಂದ ಆರಂಭವಾಗುತ್ತದೆ. ಸುಲ್ತಾನನ ಬಳಿ ಅಷ್ಟು ವರ್ಷ ಅಧಿಕಾರದಲ್ಲಿದ್ದವರು ಗೆದ್ದವರ ಕೈಯಿಂದಲೇ ದಿವಾನಗಿರಿ ಪಡೆದದ್ದನ್ನು ದ್ರೋಹವೆಂದು ಕರೆದವರಿದ್ದಾರೆ. ನೆಲದ ಹಿತಕ್ಕಾಗಿ ಮಾಡಿದ ಕೆಲಸವೆಂದು ಸಮರ್ಥಿಸಿದವರೂ ಇದ್ದಾರೆ.

ಘಟನೆಗಳ ಕ್ರಮವನ್ನು ಗಮನಿಸಿದರೆ ಚಿತ್ರ ಸ್ವಲ್ಪ ತಿಳಿಯಾಗುತ್ತದೆ. ಕೋಟೆ ಬೀಳುವ ದಿನ ಮೈಸೂರಿನ ಸೈನಿಕರ ಸಿಟ್ಟಿಗೆ ಬಲಿಯಾದವನು ಮೀರ್ ಸಾದಿಕ್. ಪೂರ್ಣಯ್ಯನವರು ಶರಣಾದದ್ದು ಸುಲ್ತಾನನ ಮರಣದ ನಂತರ. ಕಂಪನಿಯ ಅಧಿಕಾರಿಗಳೊಡನೆ ಮಾತುಕತೆಗೆ ಕುಳಿತಾಗ ಅವರು ಮೊದಲು ಮುಂದಿಟ್ಟ ಸಲಹೆಯೆಂದರೆ ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನು ಪಟ್ಟಕ್ಕೆ ತರಬೇಕೆಂಬುದು. ಸೈನ್ಯದಲ್ಲಿಯೂ ಆಡಳಿತದಲ್ಲಿಯೂ ಸುಲ್ತಾನನ ಮನೆತನಕ್ಕೆ ನಿಷ್ಠರಾದವರ ಸಂಖ್ಯೆ ದೊಡ್ಡದಿತ್ತೆಂಬುದು ಅವರ ವಾದವಾಗಿತ್ತು. ಕಂಪನಿ ಅದನ್ನು ಒಪ್ಪಲಿಲ್ಲ.

1799ರ ಜೂನ್ 30ರಂದು, ಇನ್ನೂ ಐದು ತುಂಬದ ಬಾಲಕ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಅರಿಕುಠಾರದಲ್ಲಿ ಹುಟ್ಟಿ 1796ರಲ್ಲಿ ತೀರಿಕೊಂಡ ಖಾಸಾ ಚಾಮರಾಜರ ಮಗನಾದ ಈ ಬಾಲಕನನ್ನು ಸಿಂಹಾಸನಕ್ಕೆ ತರಲು ರಾಣಿ ಲಕ್ಷ್ಮಮ್ಮಣ್ಣಿ ವರ್ಷಗಟ್ಟಲೆ ಶ್ರಮಿಸಿದ್ದರು. ಆ ಸಂಧಾನದಲ್ಲಿ ರಾಣಿಯವರ ಪ್ರತಿನಿಧಿಯಾಗಿದ್ದ ತಿರುಮಲರಾಯರಿಗೆ ದಿವಾನಗಿರಿಯ ಆಸೆಯಿತ್ತು. ಆದರೆ ಕಂಪನಿ ಆರಿಸಿದ್ದು ಪೂರ್ಣಯ್ಯನವರನ್ನು. ರಾಜ್ಯದ ಯಾವ ಮೂಲೆಯಿಂದ ಎಷ್ಟು ಹುಟ್ಟುವಳಿ ಬರುತ್ತದೆಂಬುದನ್ನು ಅವರಷ್ಟು ಬಲ್ಲವರು ಮತ್ತೊಬ್ಬರಿರಲಿಲ್ಲ.

ಕೆಲಸವಿಲ್ಲದ ರಾವುತರು

ದಿವಾನರ ಮುಂದೆ ನಿಂತ ಮೊದಲ ಸಮಸ್ಯೆ ಸೋತ ಸೈನ್ಯದ್ದು. ಸುಲ್ತಾನನ ಸಾವಿರಾರು ರಾವುತರು ಒಂದೇ ದಿನದಲ್ಲಿ ಸಂಬಳವಿಲ್ಲದವರಾದರು. ಕುದುರೆಯೂ ಕತ್ತಿಯೂ ಇದ್ದು ಅನ್ನವಿಲ್ಲದವನು ಲೂಟಿಗೆ ಇಳಿಯದೆ ಬೇರೆ ದಾರಿಯಿರಲಿಲ್ಲ. ಕೋಟೆ ಬಿದ್ದ ದಿನ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯ ವಾಘ್ ಇಂತಹವರನ್ನು ಕೂಡಿಸಿಕೊಂಡೇ ದೊಡ್ಡ ದಂಡು ಕಟ್ಟಿ, ಕಂಪನಿಗೆ ಒಂದು ವರ್ಷಕ್ಕೂ ಮಿಕ್ಕಿ ತಲೆನೋವಾದ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಆರ್ಥರ್ ವೆಲ್ಲೆಸ್ಲಿಯ ಅಶ್ವದಳದೊಡನೆ ಕಾದಾಡುತ್ತ ಆತ ಮಡಿದ.

ಪೂರ್ಣಯ್ಯನವರು ಕಂಡುಕೊಂಡ ಪರಿಹಾರ ಸರಳವಾಗಿತ್ತು. ಹಳೆಯ ರಾವುತರಲ್ಲಿ ನಂಬಿಕಸ್ಥರನ್ನು ಆರಿಸಿ ಸಿಲ್ಲೇದಾರರಾಗಿ ಉಳಿಸಿಕೊಂಡರು. ಸಿಲ್ಲೇದಾರನೆಂದರೆ ಕುದುರೆ ಮತ್ತು ಆಯುಧವನ್ನು ತಾನೇ ತಂದು, ಅದಕ್ಕೆ ತಕ್ಕ ಸಂಬಳ ಪಡೆಯುವ ಸವಾರ. ಸರ್ಕಾರದ ಕುದುರೆ ಏರುವವನು ಬಾರ್ಗೀರ್. ಕುದುರೆ ಸತ್ತರೆ ನಷ್ಟ ತನ್ನದೇ ಆದ್ದರಿಂದ ಸಿಲ್ಲೇದಾರ ಅದನ್ನು ಜೋಪಾನವಾಗಿ ಸಾಕುತ್ತಿದ್ದ. ಸರ್ಕಾರಕ್ಕೆ ಖರ್ಚು ಕಡಿಮೆಯಾಗುತ್ತಿತ್ತು. ಊರೂರು ಸುಲಿಯಬಹುದಾಗಿದ್ದವನು ತಿಂಗಳ ಸಂಬಳದ ಸೇವಕನಾಗುತ್ತಿದ್ದ. ಯುದ್ಧದ ಲೆಕ್ಕದೊಡನೆ ಶಾಂತಿಯ ಲೆಕ್ಕವೂ ಸರಿಹೋಯಿತು.

1803ರಲ್ಲಿ ಕಂಪನಿ ಮತ್ತು ಮರಾಠರ ನಡುವೆ ಯುದ್ಧ ಆರಂಭವಾದಾಗ ಬಿಷ್ಣಪ್ಪ ಪಂಡಿತನ ನಾಯಕತ್ವದಲ್ಲಿ ಮೈಸೂರಿನ ಕುದುರೆ ಪಡೆ ವೆಲ್ಲೆಸ್ಲಿಯ ಸೈನ್ಯದೊಡನೆ ಉತ್ತರಕ್ಕೆ ಹೋಯಿತು. ಧಾನ್ಯ ಹಾಗೂ ಎತ್ತುಗಳನ್ನು ದಿವಾನರು ಹಿಂದಿನಿಂದ ಒದಗಿಸುತ್ತಿದ್ದರು. ಸೆಪ್ಟೆಂಬರ್ 23ರ ಅಸ್ಸಾಯೆ ಕದನದಲ್ಲಿ ಮರಾಠರ ಸಾಲಿನ ಮೇಲೆ ಏರಿಹೋದ ದಳಗಳಲ್ಲಿ ಸತ್ಯಮಂಗಲದ ಅದೇ 19ನೇ ಲೈಟ್ ಡ್ರಾಗೂನ್ಸ್ ಕೂಡ ಇತ್ತು. ಶತ್ರುವಿನ ಅಶ್ವದಳ ಹಿಂದಿನಿಂದ ಬೀಳದಂತೆ ಕೈತನಾ ನದಿಯ ದಕ್ಷಿಣ ದಂಡೆಯಲ್ಲಿ ಕಾವಲು ನಿಂತವರಲ್ಲಿ ಮೈಸೂರಿನ ಸವಾರರಿದ್ದರು. ಹದಿಮೂರು ವರ್ಷಗಳ ಹಿಂದೆ ಭವಾನಿ ದಂಡೆಯ ಮುಳ್ಳುಬೇಲಿಗಳ ನಡುವೆ ಪರಸ್ಪರ ಕತ್ತಿ ಬೀಸಿದ ಎರಡು ಸೈನ್ಯಗಳು ಈಗ ಒಂದೇ ಬಾವುಟದ ಕೆಳಗಿದ್ದವು.

1807ರ ಪೂರಕ ಒಪ್ಪಂದದಲ್ಲಿ ಮೈಸೂರು ಸರ್ಕಾರ ಸದಾಕಾಲ 4,000 ಸವಾರರನ್ನು ಸಿದ್ಧವಾಗಿಡಬೇಕೆಂದು ನಿಗದಿಯಾಯಿತು. ಅವರಲ್ಲಿ ಸುಮಾರು 500 ಮಂದಿ ಬಾರ್ಗೀರರು, ಉಳಿದವರು ಸಿಲ್ಲೇದಾರರು.

ಸೇತುವೆ, ನಾಲೆ, ಖಜಾನೆ

ಲೆಕ್ಕದ ಶಿಸ್ತು ಶಾಂತಿಕಾಲದ ಕೆಲಸಗಳಲ್ಲಿಯೂ ಕಾಣಿಸಿಕೊಂಡಿತು. ಕೆರೆ ಕಾಲುವೆಗಳ ದುರಸ್ತಿ ನಡೆಯಿತು, ರಸ್ತೆಗಳು ಸುಧಾರಿಸಿದವು. ಮೈಸೂರು ನಗರಕ್ಕೆ ಕಾವೇರಿಯ ನೀರು ತರುವ ಉದ್ದೇಶದಿಂದ ಕೈಗೊಂಡ ನಾಲೆ ಗುರಿ ಮುಟ್ಟದಿದ್ದರೂ ಪೂರ್ಣಯ್ಯ ನಾಲೆ ಎಂಬ ಹೆಸರು ಉಳಿಯಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿಗೆ ಅಡ್ಡಲಾಗಿ 1804ರಲ್ಲಿ ಮುಗಿದ ಕಲ್ಲಿನ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಡಲಾಯಿತು. ಕಲ್ಲುಕಂಬಗಳ ಮೇಲೆ ಕಲ್ಲುತೊಲೆಗಳನ್ನಿಟ್ಟು ಕಟ್ಟಿದ ಆ ಸೇತುವೆ ಎಷ್ಟೋ ಪ್ರವಾಹಗಳನ್ನು ಕಂಡೂ ನಿಂತಿದೆ. 1805ರಲ್ಲಿ ಭಾರತ ಬಿಡುವ ಮುನ್ನ ಆರ್ಥರ್ ವೆಲ್ಲೆಸ್ಲಿ ಕೃತಜ್ಞತೆಯ ಪತ್ರದೊಡನೆ ತನ್ನ ಭಾವಚಿತ್ರವನ್ನು ದಿವಾನರಿಗೆ ಕಾಣಿಕೆಯಾಗಿ ನೀಡಿದ.

ಈ ಆಡಳಿತಕ್ಕೆ ಮತ್ತೊಂದು ಮುಖವೂ ಇತ್ತು. 1799ರ ಒಪ್ಪಂದದಂತೆ ಮೈಸೂರು ಪ್ರತಿವರ್ಷ ಕಂಪನಿಗೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಕಪ್ಪ ಕೊಡಬೇಕಿತ್ತು. ಅದನ್ನು ತಪ್ಪದೆ ಸಲ್ಲಿಸಿದ ಮೇಲೆಯೂ ದಿವಾನರು ಖಜಾನೆಯಲ್ಲಿ 2 ಕೋಟಿ ರೂಪಾಯಿಗೂ ಮಿಕ್ಕಿ ಹಣ ಕೂಡಿಸಿಟ್ಟರೆಂದು ಹೇಳಲಾಗಿದೆ. ಅಷ್ಟು ಹಣ ಆಕಾಶದಿಂದ ಉದುರಲಿಲ್ಲ. ಕಟ್ಟುನಿಟ್ಟಾದ ಕಂದಾಯ ವಸೂಲಿಯ ಭಾರವನ್ನು ಹೊತ್ತವರು ಹಳ್ಳಿಯ ಒಕ್ಕಲು ಮಕ್ಕಳು. ಖರ್ಚಿಗಿಂತ ಕೂಡಿಡುವುದೇ ಮೇಲೆಂಬ ಅವರ ಧೋರಣೆಯನ್ನು ನಂತರದ ಇತಿಹಾಸಕಾರರು ಟೀಕಿಸಿದ್ದಾರೆ.

ಅರಮನೆಯೊಡನೆಯೂ ಸಂಬಂಧ ಸುಗಮವಾಗಿರಲಿಲ್ಲ. ಆಡಳಿತದ ಎಲ್ಲ ಸೂತ್ರಗಳೂ ದಿವಾನರ ಕೈಯಲ್ಲಿದ್ದವು. ರಾಣಿ ಲಕ್ಷ್ಮಮ್ಮಣ್ಣಿ 1810ರಲ್ಲಿ ತೀರಿಕೊಂಡರು. ಹದಿನಾರು ದಾಟಿದ ಅರಸರು ಅಧಿಕಾರವನ್ನು ತಾವೇ ವಹಿಸಿಕೊಳ್ಳಬಯಸಿದರು. 1811ರಲ್ಲಿ ಪೂರ್ಣಯ್ಯನವರು ದಿವಾನಗಿರಿಯಿಂದ ನಿವೃತ್ತರಾಗಿ ಶ್ರೀರಂಗಪಟ್ಟಣಕ್ಕೆ ತೆರಳಿದರು. 1812ರ ಮಾರ್ಚ್‌ನಲ್ಲಿ ಅಲ್ಲಿಯೇ ಅವರ ಬದುಕು ಮುಗಿಯಿತು. ಅವರು ಕೂಡಿಸಿಟ್ಟ ಹಣ ಮುಂದಿನ ಎರಡು ದಶಕಗಳಲ್ಲಿ ಕರಗಿಹೋಯಿತು. 1831ರಲ್ಲಿ ಕಂಪನಿ ಆಡಳಿತವನ್ನೇ ತನ್ನ ಕೈಗೆ ತೆಗೆದುಕೊಂಡಿತು. ಮೈಸೂರಿಗೆ ಅರಸರ ಆಡಳಿತ ಮರಳಲು ಐವತ್ತು ವರ್ಷಗಳೇ ಬೇಕಾದವು.

ಯಳಂದೂರಿನ ನಂಟು

ಘಾಟಿಯ ನೆತ್ತಿಯಲ್ಲಿ ಒಮ್ಮೆ ಕಾವಲಿದ್ದವರಿಗೆ ಅದೇ ಸೀಮೆಯೊಡನೆ ಶಾಶ್ವತವಾದ ನಂಟು ಬೆಳೆದದ್ದು 1807ರಲ್ಲಿ. ಆ ವರ್ಷ ಯಳಂದೂರು ಪೂರ್ಣಯ್ಯನವರಿಗೂ ಅವರ ವಂಶಕ್ಕೂ ಜಹಗೀರಾಗಿ ದೊರೆಯಿತು. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿರುವ ಈ ಊರು ಇಂದು ಚಾಮರಾಜನಗರ ಜಿಲ್ಲೆಯ ತಾಲ್ಲೂಕು ಕೇಂದ್ರ. ಜಹಗೀರು ಸ್ವಾತಂತ್ರ್ಯಾನಂತರದವರೆಗೂ ಅವರ ಮನೆತನದಲ್ಲಿ ಮುಂದುವರಿಯಿತು. ಅದೇ ವಂಶದ ಸರ್ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾದರು. ಯಳಂದೂರಿನಲ್ಲಿ ದಿವಾನರ ಬಂಗಲೆ ಎಂದೇ ಹೆಸರಾದ ಹಳೆಯ ಕಟ್ಟಡ ಆ ಕಾಲವನ್ನು ನೆನಪಿಸುತ್ತದೆ.

ಕಾಳಗ ನಡೆದ ನೆಲದ ಚಹರೆ ಈಗ ಬದಲಾಗಿದೆ. ಮೋಯಾರ್ ಮತ್ತು ಭವಾನಿ ಕೂಡುವೆಡೆ ಭವಾನಿಸಾಗರ ಜಲಾಶಯವಿದೆ. ಸೈನ್ಯಗಳು ಹಾದುಹೋಗುತ್ತಿದ್ದ ದಣ್ಣಾಯಕನಕೋಟೆ ಅದರ ನೀರಿನಡಿ ಮುಳುಗಿದೆ, ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಮಾತ್ರ ಅದರ ಅವಶೇಷ ತಲೆಯೆತ್ತುತ್ತದೆ. ಗಜ್ಜಲಹಟ್ಟಿಯ ದಾರಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಕಾಡಿನೊಳಗೆ ಸೇರಿಹೋಗಿದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಲಾರಿ, ಬಸ್ಸುಗಳು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುತ್ತವೆ.

ಪೂರ್ಣಯ್ಯನವರು ಉಳಿಸಿಕೊಂಡ ಕುದುರೆ ಪಡೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಿಲ್ಲೇದಾರ್ ಪಡೆಯನ್ನು 1892ರಲ್ಲಿ ಪುನರ್‌ರಚಿಸಿದಾಗ ಅದರಿಂದ ಹುಟ್ಟಿದ ಇಂಪೀರಿಯಲ್ ಸರ್ವೀಸ್ ದಳವೇ ಮುಂದೆ ಮೈಸೂರು ಲ್ಯಾನ್ಸರ್ಸ್ ಎಂದು ಖ್ಯಾತವಾಯಿತು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಗೆದ್ದ ಸವಾರರಲ್ಲಿ ಅವರಿದ್ದರು. ಅಸ್ಸಾಯೆ ಕದನ ನಡೆದು ಅಂದಿಗೆ ಸರಿಯಾಗಿ 115 ವರ್ಷವಾಗಿತ್ತು.

ಪೂರ್ಣಯ್ಯನವರನ್ನು ದ್ರೋಹಿಯೆಂದೋ ಉದ್ಧಾರಕನೆಂದೋ ಒಂದೇ ಪದದಲ್ಲಿ ತೀರ್ಮಾನಿಸಲು ಚರಿತ್ರೆ ಅವಕಾಶ ಕೊಡುವುದಿಲ್ಲ. ಹೈದರನ ಮರಣದ ಗುಟ್ಟನ್ನು ಕಾಯ್ದವರು, ಗಜ್ಜಲಹಟ್ಟಿಯಲ್ಲಿ ಟಿಪ್ಪುವಿನ ಬೆನ್ನು ಕಾಯ್ದವರು, ಒಡೆಯರ ಖಜಾನೆ ತುಂಬಿಸಿದವರು ಒಬ್ಬರೇ. ಮೂವರ ಕಾಲದಲ್ಲಿಯೂ ಅವರು ಮಾಡಿದ ಕೆಲಸ ಒಂದೇ ಬಗೆಯದು: ಮುಂದೆ ಹೋದವರಿಗೆ ಹಿಂದಿನಿಂದ ಅನ್ನ, ಮೇವು, ಹಣ ತಪ್ಪದಂತೆ ನೋಡಿಕೊಳ್ಳುವುದು. ಆ ಕೆಲಸದ ಬೆಲೆಯನ್ನು ಕೊಟ್ಟವರು ಯಾರೆಂದು ಕೇಳಿದರೆ, ಆ ಕಾಲದ ಮೈಸೂರು ಸೀಮೆಯ ರೈತರತ್ತಲೇ ಕೈತೋರಿಸಬೇಕಾಗುತ್ತದೆ.